ನಮ್ಮ ಮನೆಯ ಬೆಕ್ಕು ಮಾಂಸ ತಿನ್ನುವುದಿಲ್ಲ

ತಿನ್ನುವುದಿಲ್ಲ ಎಂದು ಹೇಳಿದವರು ನನ್ನ ದೊಡ್ಡಪ್ಪ, ಅಪ್ಪನ ಅಣ್ಣ. ಮೊರಬದ ನಮ್ಮ ಮನೆಯ ಪಡಸಾಲೆಯಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಕುಳಿತು, ಬಂದ ಬೀಗರ ಮುಂದೆ ಒಂದೇ ಉಸಿರಿನಲ್ಲಿ ಎರಡು ಮಾತು ಹೇಳಿದರು.

“ನಮ್ಮ ಮನಿ ಬೆಕ್ಕು ಮಾಂಸ ತಿನ್ನೂದಿಲ್ಲ. ನಮ್ಮ ಮನಿ ಹೆಣ್ಣಮಕ್ಕಳು ಡಿಗ್ರಿ ಮುಗಸೂದಿಲ್ಲ. ಎರಡೂ ನಮ್ಮ ವಂಶದಾಗ ಇಲ್ಲ.”

ಬೀಗರು ನಕ್ಕರು. ನಾನು ಚಹಾ ಕೊಡುತ್ತಿದ್ದೆ. ಬಸಿಯನ್ನು ಕುಕ್ಕಿ ಇಟ್ಟೆ, ಚಹಾ ತುಳುಕಿತು. ಯಾರೂ ತಿರುಗಿ ನೋಡಲಿಲ್ಲ. ಆಗ ನಾನು ನವಲಗುಂದದ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಅಪ್ಪ ಓದಿದ್ದು ಏಳನೆಯ ಇಯತ್ತೆ, ಅವ್ವ ಸಹಿ ಮಾಡುವಷ್ಟು. ಅಣ್ಣನ ಮಾತಿಗೆ ಎದುರಾಡುವ ರೂಢಿ ಅಪ್ಪನಿಗೆ ಇರಲಿಲ್ಲ. ನಾನು ಬಸ್ಸು ಹತ್ತುತ್ತಿದ್ದದ್ದು ದೊಡ್ಡಪ್ಪ ಇನ್ನೂ ಬೇಡ ಅಂದಿರಲಿಲ್ಲ ಎಂಬ ಒಂದೇ ಕಾರಣಕ್ಕೆ.

ನಮ್ಮದು ಲಿಂಗ ಕಟ್ಟಿಕೊಂಡ ಮನೆ. ತತ್ತಿಯ ಸಿಪ್ಪೆ ಕೂಡ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಆದರೆ ಬೆಕ್ಕುಗಳು ಯಾವಾಗಲೂ ಇದ್ದವು; ಕಡಲೆ, ಹೆಸರು, ಗೋದಿಯ ಚೀಲ ಇದ್ದಲ್ಲಿ ಇಲಿ ಇರುತ್ತವೆ. ಎರಡು ಹೊತ್ತು ಹಾಲಿನಲ್ಲಿ ಜೋಳದ ರೊಟ್ಟಿ ಮುರಿದು ಹಾಕುವುದು ಪದ್ಧತಿ. ಬಂದವರಿಗೆಲ್ಲ ದೊಡ್ಡಪ್ಪ ತೋರಿಸುವರು: ನೋಡ್ರಿ, ಹೆಂಗ ರೊಟ್ಟಿ ತಿಂತಾವ. ಸಾಲೆಯಲ್ಲಿ ನಾನೂ ಜಂಬ ಕೊಚ್ಚಿದ್ದೇನೆ. ನಿಮ್ಮ ಬೆಕ್ಕು ಇಲಿ ತಿನ್ನುತ್ತವೆ, ನಮ್ಮವು ರೊಟ್ಟಿ ತಿನ್ನುತ್ತವೆ ಎಂದು ಗೆಳತಿಯನ್ನು ಅಳಿಸಿದ್ದೇನೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಅವು ಕಾಳಿನ ಕೋಣೆಯ ಕತ್ತಲಲ್ಲಿ ತಮ್ಮ ಊಟ ತಾವು ಮುಗಿಸಿಕೊಂಡು ಬರುತ್ತಿದ್ದವು. ನಮ್ಮ ಹಾಲು ರೊಟ್ಟಿ ಮೇಲಿನ ಬಾಯಾಡಿಕೆ. ನಾವು ನೋಡಿದ್ದು ಅದನ್ನಷ್ಟೇ.

ನಾನು ಕಾಲೇಜು ಸೇರಿದ ಮೇಲೆ ಕಾಳಿನ ಕೋಣೆ ಕೆಡವಿ ಸ್ಲ್ಯಾಬ್ ಹಾಕಿಸಿದರು. ಸಿಮೆಂಟಿನ ನೆಲ, ಕಬ್ಬಿಣದ ಬಾಗಿಲು. ಬೆಳೆಯೂ ಈಗ ಹೊಲದಿಂದ ಮಶೀನಿಗೆ, ಮಶೀನಿನಿಂದ ಟ್ರ್ಯಾಕ್ಟರಿಗೆ, ಅಲ್ಲಿಂದ ನೇರ ಅಂಗಡಿಗೆ. ಮನೆಯಲ್ಲಿ ಇಲಿ ಉಳಿಯಲಿಲ್ಲ. ನಮ್ಮ ಎರಡು ಬೆಕ್ಕು, ಬೂದು ಬಣ್ಣದ ತಾಯಿ ಮತ್ತು ಅದರ ಬಿಳಿ ಮಗಳು, ಹಿತ್ತಿಲಿಗೆ, ಬಾಜು ಮನೆಯ ಹಾಳುಗೋಡೆಗೆ ಬೇಟೆಗೆ ಹೋಗತೊಡಗಿದವು. ಹಾಗೇ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ.

ನನ್ನ ಎರಡನೇ ವರ್ಷದಲ್ಲೇ, ಒಂದು ಶ್ರಾವಣ ಸೋಮವಾರ ಮನೆಯಲ್ಲಿ ಪಾದಪೂಜೆ. ಸ್ವಾಮಿಗಳು ಮಣೆಯ ಮೇಲೆ ಕುಳಿತು ತಾಟಿನಲ್ಲಿ ಪಾದ ಇಟ್ಟಿದ್ದರು. ದೊಡ್ಡಪ್ಪ ಬಗ್ಗಿ ನೀರು ಹಾಕುತ್ತಿದ್ದರು. ತಾಯಿ ಬೆಕ್ಕು ಹಿಂಬಾಗಿಲಿನಿಂದ ಬಂದು, ಕೂತ ಜನರ ನಡುವೆ ಹಾದು, ಅರ್ಧ ಇಲಿಯನ್ನು ಆ ತಾಟಿನ ಪಕ್ಕದಲ್ಲಿ ಇಟ್ಟು ಕೂಗಿತು. ಸ್ವಾಮಿಗಳು ಪಾದ ಎತ್ತಿಕೊಂಡು ನಕ್ಕರು. ಅದು ತನ್ನ ಕಾಯಕ ಮಾಡೇತಿ, ಬಿಡ್ರಿ ಅಂದರು. ಅವರು ಬಿಟ್ಟರು. ದೊಡ್ಡಪ್ಪ ಬಿಡಲಿಲ್ಲ. ಓಣಿಯ ಮಂದಿ ಎಲ್ಲ ನೋಡಿತ್ತಲ್ಲ.

ಮರುದಿನ ಎತ್ತಿನ ಕೊರಳಪಟ್ಟಿಯಿಂದ ಎರಡು ಹಿತ್ತಾಳೆ ಗೆಜ್ಜೆ ಬಿಚ್ಚಿ, ತೊಗಲಿನ ದಾರದಲ್ಲಿ ಪೋಣಿಸಿ ಎರಡೂ ಬೆಕ್ಕಿನ ಕೊರಳಿಗೆ ಬಿಗಿದರು. ಹೆಜ್ಜೆ ಇಟ್ಟರೆ ಝಲ್. ಬೆಕ್ಕು ಹಾಳುಗೋಡೆ ಮುಟ್ಟುವ ಮೊದಲೇ ಇಲಿ ಬಿಲ ಸೇರಿರುತ್ತಿತ್ತು, ಗುಬ್ಬಿ ಹಾರಿರುತ್ತಿತ್ತು. ಓಣಿಯವರಿಗೆ ಅದು ಚೆಂದ ಕಂಡಿತು. ಕೂಸಿನ ಕಾಲ್ಗೆಜ್ಜೆ ಇದ್ದಂಗ ಐತಿ ಅಂದರು.

ಹಸಿದ ಬೆಕ್ಕು ಹೇಗಿರುತ್ತದೆ ಎಂದು ಆ ವರ್ಷ ನೋಡಿದೆ. ರೊಟ್ಟಿ ಬಡಿಯುವಾಗ ಹಿಟ್ಟಿನ ಮುದ್ದೆಗೆ ಬಾಯಿ ಹಾಕುತ್ತಿದ್ದವು. ಪುಂಡಿಪಲ್ಯೆ ತಿಂದವು, ಕುದಿಸಿದ ಕಡಲೆ ತಿಂದು ಕಾರಿದವು. ಎಮ್ಮೆ ಈದಾಗ ನೆಲದಲ್ಲಿ ಚೆಲ್ಲಿದ್ದನ್ನು ನೆಕ್ಕಿದವು. ಹೊಟ್ಟೆ ತುಂಬ ಹಾಲು ಕುಡಿದು ಮತ್ತೆ ಕಾಲು ಸುತ್ತಿ ಒದರುತ್ತಿದ್ದವು. ಇವಕ್ಕ ಎಷ್ಟ ಹಾಕಿದರೂ ಹೊಟ್ಟಿ ತುಂಬೂದಿಲ್ಲ ಎಂದು ದೊಡ್ಡವ್ವ ಬೈಯುವಳು. ಕೂದಲು ಉದುರಿ ಬೆನ್ನೆಲುಬು ಎದ್ದು ಕಾಣುತ್ತಿತ್ತು.

ಕೊನೆಯ ವರ್ಷದ ಹೊತ್ತಿಗೆ ಬಿಳಿಯದು ಕಂಬಕ್ಕೆ ಡಿಕ್ಕಿ ಹೊಡೆಯತೊಡಗಿತು. ಸುಡುವ ಬಿಸಿಲಿನಲ್ಲೂ ಅದರ ಕಣ್ಣಿನ ಕರಿ ಭಾಗ ಅಗಲವಾಗಿಯೇ ಇರುತ್ತಿತ್ತು. ನಮ್ಮ ಪ್ರಾಣಿಶಾಸ್ತ್ರದ ಮೇಡಂಗೆ ಹೇಳಿದೆ. ಏನು ಹಾಕುತ್ತೀರಿ ಎಂದು ಕೇಳಿದರು. ಹೆಮ್ಮೆಯಿಂದಲ್ಲ, ನಾಚಿಕೆಯಿಂದ ಹೇಳಿದೆ. ಬೆಕ್ಕಿಗೆ ಬೇಕಾದ ಟಾರಿನ್ ಎಂಬ ಸತ್ವ ಮಾಂಸದಲ್ಲೇ ಇರುವುದು, ರೊಟ್ಟಿಯಲ್ಲಿಲ್ಲ, ಹಾಲಿನಲ್ಲಿ ಇದ್ದೂ ಇಲ್ಲದಷ್ಟು. ಅದು ಸಿಗದಿದ್ದರೆ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಹೃದಯ. ಹೋದ ಕಣ್ಣು ತಿರುಗಿ ಬರುವುದಿಲ್ಲ. ಇನ್ನೊಂದು ಬೆಕ್ಕನ್ನಾದರೂ ಉಳಿಸಿಕೊ ಅಂದರು.

ಮನೆಗೆ ಬಂದು ಎಲ್ಲರ ಮುಂದೆ ಹೇಳಿದೆ. ನೋಟ್‌ಬುಕ್ ತೆಗೆದು ಓದಿಯೂ ಹೇಳಿದೆ. ದೊಡ್ಡಪ್ಪ ತಾಟಿನಿಂದ ತಲೆ ಎತ್ತದೆ, ಕಾಲೇಜಿನಾಗ ಇದನ್ನ ಕಲಸ್ತಾರೇನು, ಊರ ಬೆಕ್ಕಿಗಿ ಏನ ಉಣಿಸಬೇಕಂತ, ಅಂದರು. ಅವ್ವ ಮಾತ್ರ ಮರುದಿನ ಅಂಗಡಿಯಿಂದ ಸೋಯಾ ತುಣುಕು ತರಿಸಿ ನೆನೆಹಾಕಿದಳು. ಮಾಂಸದಂಗ ಇರತೈತಂತಲ್ಲಬೇ ಎಂದು ನನ್ನ ಮುಖ ನೋಡಿದಳು. ಅವಳ ಮೇಲೆ ಸಿಟ್ಟು ಮಾಡುವುದು ಹೇಗೆ? ಬೆಕ್ಕು ಮೂಸಿ ನೋಡಿ ಅದರ ಪಕ್ಕದಲ್ಲೇ ಮಲಗಿಕೊಂಡಿತು.

ನವಲಗುಂದದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಳಿ ಅಂಗಡಿ ಇತ್ತು. ಮೂರು ವರ್ಷ ಅದರ ಮುಂದೆ ಮೂಗಿಗೆ ಓಢಣಿ ಹಿಡಿದು ದಾಟಿದ್ದೆ. ಆವತ್ತು ನಿಂತೆ. ಅಂಗಡಿಯ ಕಾಕಾ ಎಷ್ಟ ಮಂದಿಗಿ ಅಡಗಿ ಎಂದು ಕೇಳಿದರು. ಎರಡು ಬೆಕ್ಕಿಗೆ ಅಂದೆ. ಅವರು ನನ್ನ ಹಣೆಯ ವಿಭೂತಿ ನೋಡಿದರು, ನಗಲಿಲ್ಲ. “ಹಂಗಾದರ ಗುಂಡಿಗಿ ಒಯ್ಯಿ, ಕೊರಳು ಒಯ್ಯಿ. ಹಸೀದ ಹಾಕು, ತಂಗಿ. ಕುದಿಸಿದ ಎಲುಬು ಮುಳ್ಳಾಗಿ ಚುಚ್ಚತೈತಿ. ಮುಂಜಾನೆ ಕೊಯ್ದದ್ದನ್ನ ಕೊಡ್ತೀನಿ, ಹಳೇದು ಕೊಡೂದಿಲ್ಲ.”

ಹಸಿಯದಲ್ಲದೆ ಬೇರೆ ಹೇಗೆ ಹಾಕಲಿ? ನಮ್ಮ ಯಾವ ಒಲೆಯ ಮೇಲೆ, ಯಾವ ಬೋಗುಣಿಯಲ್ಲಿ ಕುದಿಸಲಿ? ಈಗ ಹುಬ್ಬಳ್ಳಿಯಲ್ಲಿ ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಒಬ್ಬಾಕೆ ತನ್ನ ಬೆಕ್ಕಿಗೆ ‘ರಾ ಡಯಟ್’ ಎಂದು ಮಂಜುಗಟ್ಟಿದ ಪೊಟ್ಟಣ ತರಿಸುತ್ತಾಳೆ, ತೂಗಿ ಹಾಕುತ್ತಾಳೆ, ವಿಡಿಯೋ ತೋರಿಸುತ್ತಾಳೆ. ಒಳ್ಳೆಯದೇ. ಆದರೆ ಅವಳು ಅದನ್ನು ತನ್ನ ಶೋಧ ಎಂಬಂತೆ ಹೇಳುವಾಗ ನನ್ನ ಹಲ್ಲು ಕಟಕಟ ಅನ್ನುತ್ತವೆ. ನಾನು ಅದನ್ನು ಅವ್ವನ ಹಳೆಯ ಅಡಿಕೆ ಡಬ್ಬಿಯಲ್ಲಿ, ಮೂರು ಪ್ಲಾಸ್ಟಿಕ್ ಚೀಲ ಸುತ್ತಿ, ಪುಸ್ತಕದ ಬ್ಯಾಗಿನ ತಳದಲ್ಲಿ ಇಟ್ಟು, ಬಸ್ಸಿನಲ್ಲಿ ಪಕ್ಕದವಳು ಮೂಗು ಏರಿಸಿದಾಗಲೆಲ್ಲ ಕಿಟಕಿಯ ಕಡೆ ನೋಡುತ್ತ ತಂದವಳು.

ಮೊದಲ ದಿನ ತಪ್ಪು ಮಾಡಿದೆ. ಮಾಂಸ ಎಂದೂ ಮುಟ್ಟದ ಕೈ. ಹಿತ್ತಿಲ ನಳದ ಕೆಳಗೆ ಮೆಂತೆಪಲ್ಯೆ ತೊಳೆದಂತೆ ಐದಾರು ನೀರಿನಲ್ಲಿ ತೊಳೆದೆ. ಮಡಿಯಾಗಲಿ ಎಂದು ಅರಿಶಿಣ ಉಪ್ಪು ಹಚ್ಚಿ ಉಜ್ಜಿದೆ. ಬೆಳ್ಳಗೆ ಬಿಳುಚಿದ, ಹಳದಿ ಬಳಿದ ಆ ತುಣುಕುಗಳನ್ನು ಬೆಕ್ಕು ಮೂಸಿ ಸೀನಿ ಹಿಂದೆ ಸರಿಯಿತು. ಕಾಕಾಗೆ ಹೇಳಿದರೆ, ಬೆಕ್ಕಿಗಿ ಮದವಿ ಮಾಡಾಕ ಹೊಂಟಿದ್ದೇನು, ಅರಿಶಿಣ ಹಚ್ಚಾಕ? ಅಂದರು. ಮರುದಿನ ತೊಳೆಯದೆ ಹಾಕಿದೆ.

ಹಿತ್ತಿಲಲ್ಲಿ ಜೋಳದ ಕಣಿಕೆಯ ಬಣವೆ ಇತ್ತು. ಅದರ ಹಿಂದೆ ಕುಳಿತು ಡಬ್ಬಿ ತೆರೆದೆ. ನನ್ನ ತೊಡೆಯ ಮೇಲೆ ಬೆಳೆದ ತಾಯಿ ಬೆಕ್ಕು ಗುಂಡಿಗೆಯ ತುಣುಕು ಬಾಯಲ್ಲಿ ಕಚ್ಚಿಕೊಂಡು, ಕಿವಿ ಹಿಂದಕ್ಕೆ ಮಡಚಿ, ನನ್ನನ್ನೇ ನೋಡಿ ಗುರುಗುಟ್ಟಿತು. ಆ ಸದ್ದು ಅದರ ಗಂಟಲಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಬಿಳಿಯದಕ್ಕೆ ಕಾಣುತ್ತಿರಲಿಲ್ಲ, ವಾಸನೆ ಹಿಡಿದು ಬಂದು ನನ್ನ ಬೆರಳನ್ನೂ ಸೇರಿಸಿ ಕಚ್ಚಿತು. ರಕ್ತ ಬಂತು. ನಾನು ಕೈ ಎಳೆದುಕೊಳ್ಳಲಿಲ್ಲ. ಆಚೆ ಹೋಗಿ ಕಾರಿದೆ, ಬಾಯಿ ತೊಳೆದು ಬಂದು ಮತ್ತೆ ಹಾಕಿದೆ.

ಗೆಜ್ಜೆಯ ಸದ್ದಾಗದಂತೆ ಅದರ ಸೀಳಿನಲ್ಲಿ ಅರಳೆ ತುರುಕುತ್ತಿದ್ದೆ, ಆಮೇಲೆ ತೆಗೆಯುತ್ತಿದ್ದೆ. ಎರಡು ತಿಂಗಳು ನಡೆಯಿತು. ತಾಯಿ ಬೆಕ್ಕಿಗೆ ಕೂದಲು ಬಂತು. ದೊಡ್ಡಪ್ಪ ಅದರ ಬೆನ್ನು ಸವರಿ, ನೋಡ್ರಿ ರೊಟ್ಟಿ ಹಾಲಿನ ತಾಕತ್ತು ಎಂದು ಬಂದವರಿಗೆ ಹೇಳಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಆಗಲೇ ಹೊರಗೆ ಬಂದು ಹೇಳಬೇಕಿತ್ತು. ಹೇಳಲಿಲ್ಲ. ಪರೀಕ್ಷೆ ಒಂದು ಮುಗಿಯಲಿ ಎಂದು ನುಂಗಿಕೊಂಡೆ.

ಒಂದು ಸಂಜೆ ಅರಳೆ ಉದುರಿತು. ಈ ಹೊತ್ತಿನಲ್ಲಿ ಬಣವೆಯ ಹಿಂದೆ ಗೆಜ್ಜೆ ಯಾಕೆ ಕುಣಿಯುತ್ತದೆ ಎಂದು ದೊಡ್ಡಪ್ಪ ನೋಡಲು ಬಂದರು. ಡಬ್ಬಿ ನನ್ನ ಕೈಯಲ್ಲಿತ್ತು, ಬೆಕ್ಕಿನ ಬಾಯಲ್ಲಿ ಕೋಳಿಯ ಕೊರಳು. ಅವರು ಡಬ್ಬಿಯನ್ನು ತಿಪ್ಪೆಗೆ ಎಸೆದರು. ನನಗೆ ಸ್ನಾನ ಮಾಡಿ ಒಳಗೆ ಬಾ ಎಂದರು. ಎಲ್ಲರೂ ಪಡಸಾಲೆಗೆ ಬಂದ ಮೇಲೆ ಹೇಳಿದರು:

“ನಾಳಿಯಿಂದ ಕಾಲೇಜು ಬಂದ್. ಓದಿ ಕಲ್ತದ್ದು ಇದನ್ನ ಅಂದಮ್ಯಾಲ ಸಾಕು.”

ಅಪ್ಪ ನೆಲ ನೋಡಿದ. ಅವ್ವ ಅಡುಗೆಮನೆಗೆ ಹೋದಳು. ಪರೀಕ್ಷೆಗೆ ಒಂದೂವರೆ ತಿಂಗಳಿತ್ತು. ಮಾತಾಡಿದ್ದು ಅಪ್ಪನ ತಾಯಿ, ನಮ್ಮ ಆಯಿ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಾಸಿಗೆಯ ಮೇಲೆ ಕುಳಿತೇ, ಕಣ್ಣ ಹೋಗೂದು ಅಂದ್ರ ಏನು ಅನ್ನೂದನ್ನ ನನ್ನ ಕೇಳೋ, ಆ ಕೂಸು ಸುಳ್ಳು ಹೇಳಾಕತ್ತಿಲ್ಲ, ಅಂದಳು. ದೊಡ್ಡಪ್ಪ ತಾಯಿಯ ಮಾತಿಗೂ ಬಗ್ಗದೆ ಎದ್ದು ಎತ್ತುಗಳಿಗೆ ಮೇವು ಹಾಕಲು ಹೋದರು.

ಮೂರು ವಾರ ಹೊಲಕ್ಕೆ ಹೋದೆ. ಮೆಣಸಿನಕಾಯಿ ಬಿಡಿಸುತ್ತ ಪಾಠಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಆಳುಗಳು ಇವಳಿಗೆ ಗಾಳಿ ಹಿಡಿದಿದೆ ಅಂದುಕೊಂಡರು. ಹಿಡಿದದ್ದು ಸಿಟ್ಟು. ದೊಡ್ಡಪ್ಪ ಕೆಟ್ಟವರಾಗಿದ್ದರೆ ಸುಲಭವಾಗುತ್ತಿತ್ತು. ಬೆಕ್ಕು ಹಸಿದಿದೆ ಎಂದು ದೊಡ್ಡಪ್ಪ ತಮ್ಮ ಬಟ್ಟಲಿನ ಹಾಲನ್ನೂ ಅದಕ್ಕೆ ಹಾಕುತ್ತಿದ್ದರು, ಪ್ರೀತಿಯಿಂದಲೇ ಕುರುಡು ಮಾಡುತ್ತಿದ್ದರು. ನನಗೂ ಹಾಗೆಯೇ ಕಾಲೇಜು ಬಿಡಿಸಿದ್ದರು, ಪ್ರೀತಿಯಿಂದಲೇ.

ಎತ್ತಿಗೆ ಕಾಲು ಬಾತಿದ್ದಕ್ಕೆ ದನದ ಡಾಕ್ಟರು ಬಂದರು. ಕೈ ತೊಳೆದುಕೊಳ್ಳುವಾಗ ಬಿಳಿಯ ಬೆಕ್ಕು ಬಂದು ಬಕೀಟಿಗೆ ಡಿಕ್ಕಿ ಹೊಡೆಯಿತು. ಅವರು ಅದನ್ನು ಎತ್ತಿ, ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಇದಕ್ಕೆ ಏನು ಹಾಕುತ್ತೀರಿ ಎಂದು ಕೇಳಿದರು. ದೊಡ್ಡಪ್ಪ ಎಂದಿನಂತೆ ಹೆಮ್ಮೆಯಿಂದ ಹೇಳಿದರು. ಡಾಕ್ಟರು ಹೇಳಿದ್ದು ನನ್ನ ನೋಟ್‌ಬುಕ್ಕಿನ ಮಾತೇ: ಟಾರಿನ್, ಕಣ್ಣು, ಹೃದಯ. ಇದರ ಕಣ್ಣು ಮುಗಿಯಿತು, ಇನ್ನು ಮೇಲಾದರೂ ಮಾಂಸ ಹಾಕಿಸಿ, ಜೀವ ಉಳಿಯಲಿ ಅಂದರು. ದೊಡ್ಡಪ್ಪ “ಹೌದ್ರಿ” ಅಂದರು. “ಆತ್ರಿ” ಅಂದರು.

ನಾನು ತೊಲೆಬಾಗಿಲಲ್ಲೇ ನಿಂತಿದ್ದೆ. ನಾನು ಹೇಳಿದಾಗ ತಾಟಿನಿಂದ ತಲೆ ಎತ್ತದವರು, ಪ್ಯಾಂಟು ಹಾಕಿಕೊಂಡ ಗಂಡಸು ಅದೇ ಮಾತು ಹೇಳಿದಾಗ ಎರಡು ಸಲ ರೀ ಹಚ್ಚಿದರು. ಆ ರೀ ನನ್ನ ಕಿವಿಯಲ್ಲಿ ಇನ್ನೂ ಇದೆ.

“ನಾ ಹೇಳಿದ್ದು ಇದನ್ನರಿ ದೊಡ್ಡಪ್ಪ. ನಾನೂ ಇದನ್ನ ಹೇಳಿದ್ದೆ,” ಅಂದೆ. ಹೊರಗಿನವರ ಮುಂದೆ ನಾನು ಅವರಿಗೆ ಆಡಿದ ಮೊದಲ ಮಾತು ಅದು.

ಡಾಕ್ಟರು ಹೋದ ಮೇಲೆ ದೊಡ್ಡಪ್ಪ ಕುಡುಗೋಲು ತಂದು, ಎರಡೂ ಬೆಕ್ಕಿನ ಕೊರಳ ದಾರ ಕೊಯ್ದರು. ಗೆಜ್ಜೆ ಅಂಗಳದಲ್ಲಿ ಉರುಳಿಕೊಂಡು ಹೋಗಿ ಗಟಾರಿನಲ್ಲಿ ಬಿದ್ದವು. ಮರುದಿನ ಮುಂಜಾನೆ ನಾನು ಬುಟ್ಟಿ ಹಿಡಿದು ಹೊಲಕ್ಕೆ ಹೊರಟಾಗ ನನ್ನನ್ನು ನೋಡದೆ, ಕಂಬಕ್ಕೆ ಹೇಳಿದಂತೆ, ನವಲಗುಂದದ ಬಸ್ಸು ಇನ್ನೂ ಹೋಗಿಲ್ಲ ಅಂದರು. ತಪ್ಪಾಯಿತು ಎಂಬ ಮಾತಲ್ಲ ಅದು. ಅಂಥ ಮಾತು ನನಗೆ ಇಲ್ಲಿಯವರೆಗೂ ಸಿಕ್ಕಿಲ್ಲ. ಬುಟ್ಟಿ ಅಲ್ಲೇ ಇಟ್ಟು ಓಡಿದೆ.

ಬಿಳಿಯದಕ್ಕೆ ಕಣ್ಣು ಬರಲಿಲ್ಲ. ಆಯಿಯ ಹಾಸಿಗೆಯ ಮೇಲೆ ಇರುತ್ತದೆ, ಇಬ್ಬರೂ ಸದ್ದಿನ ಕಡೆಗೆ ಮುಖ ತಿರುಗಿಸುತ್ತಾರೆ. ತಾಯಿ ಬೆಕ್ಕು ಮತ್ತೆ ಹಾಳುಗೋಡೆ ಹತ್ತಿತು. ನಾನು ಪರೀಕ್ಷೆ ಬರೆದೆ, ಪಾಸಾದೆ. ಬಣವೆಯ ಹಿಂದೆ ಒಂದು ಕಲ್ಲಿನ ಮೇಲೆ ಹೊಸ ಡಬ್ಬಿ ಇಟ್ಟೆ, ಹುಬ್ಬಳ್ಳಿಗೆ ಹೋದ ಮೇಲೂ ಊರಿಗೆ ಬಂದಾಗಲೆಲ್ಲ ಕಾಕಾನ ಅಂಗಡಿಯಿಂದ ತಂದು ಅದರಲ್ಲಿ ಹಾಕುತ್ತಿದ್ದೆ. ಅದು ಖಾಲಿಯಾದಾಗಲೆಲ್ಲ ಯಾರೋ ತೊಳೆದು ಬೋರಲು ಹಾಕಿರುತ್ತಿದ್ದರು. ಅವ್ವನೇ ಇರಬೇಕು ಅಂದುಕೊಂಡಿದ್ದೆ. ಕೇಳಿದರೆ, ನಾ ಅಲ್ಲಬೇ, ನಾ ಹೆಂಗ ಮುಟ್ಟಲಿ ಅಂದಳು.

ಪದವಿ ಪ್ರಮಾಣಪತ್ರ ಬಂದಿದೆ ಎಂದು ಕಾಲೇಜಿನಿಂದ ಫೋನ್ ಬಂದಾಗ ಮನೆಗೆ ತಿಳಿಸಿ, ಮರುದಿನ ಹುಬ್ಬಳ್ಳಿಯಿಂದ ನೇರ ನವಲಗುಂದಕ್ಕೆ ಹೋಗಿ ತೆಗೆದುಕೊಂಡು, ಹೊತ್ತು ಇಳಿಯುವ ಮೊದಲು ಊರಿಗೆ ಬಂದೆ. ಮೊದಲು ಅಪ್ಪನಿಗೆ ಕೊಡಬೇಕಿತ್ತು. ಆದರೆ ನಾನು ಆ ಕಾಗದವನ್ನು ಯಾರ ಕೈಯಲ್ಲಿ ಇಡಬೇಕೆಂದು ಮೂರು ವರ್ಷ ಸಿಟ್ಟಿನಲ್ಲಿ ಕಾದಿದ್ದೆನೋ ಅವರು ಅದೇ ಕಂಬಕ್ಕೆ ಬೆನ್ನು ಕೊಟ್ಟು ಕುಳಿತಿದ್ದರು. ಕೊಟ್ಟೆ. ದೊಡ್ಡಪ್ಪ ಧೋತರದ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ನನ್ನ ಹೆಸರಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ಬಿಡಿಸಿ ಓದಿದರು. ಮಡಚದೆ ಮೊಣಕಾಲ ಮೇಲೆ ಇಟ್ಟುಕೊಂಡರು. ಆಮೇಲೆ ನನ್ನ ಬ್ಯಾಗಿನ ಕಡೆ ನೋಡಿದರು.

“ನವಲಗುಂದಕ್ಕ ಹೋಗಿ ಬಂದಿ. ಬೆಕ್ಕಿಂದು ತಂದೀ ಇಲ್ಲೋ? ಮುಂಜಾನಿಂದ ಡಬ್ಬಿ ತೊಳದ ಇಟ್ಟೀನಿ.”