ಟ್ರ್ಯಾಕ್ಟರ್ ಇಬ್ಭಾಗ ಮಾಡುವ ಕರಿಬಸವಯ್ಯ

ಬೆಳಿಗ್ಗೆ ಆರೂವರೆ. ಕತ್ರಿಗುಪ್ಪೆಯ ಒಳರಸ್ತೆಯ ತಗಡಿನ ಶೆಡ್ ಮುಂದೆ ಹಳೆಯ ಟ್ರ್ಯಾಕ್ಟರೊಂದು ಗುಡುಗುಡು ಎನ್ನುತ್ತಿದೆ. ಸೀಟಿನಲ್ಲಿ ಕೂತ ಕರಿಬಸವಯ್ಯ ಬ್ರೇಕ್ ಒತ್ತಿ ಹಿಡಿದು, ದೊಡ್ಡ ಗೇರ್ ಹಾಕಿ, ಮೆಲ್ಲಗೆ ಕ್ಲಚ್ ಬಿಡುತ್ತಾರೆ. ಕ್ಲಚ್ ನೆಟ್ಟಗಿದ್ದರೆ ಎಂಜಿನ್ ಆ ಕ್ಷಣವೇ ಆಫ್ ಆಗಬೇಕಿತ್ತು. ಅದು ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇದೆ. ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಅವರ ಬಗ್ಗೆ ಬರೆಯಲು ಬಂದಿರುವ ನನ್ನತ್ತ ತಿರುಗುತ್ತಾರೆ.

"ನೋಡಿ ಸಾರ್, ಕ್ಲಚ್ ಜಾರ್ತಾ ಇದೆ. ಇವ್ರು ಫೋನಲ್ಲಿ ಹೇಳಿದ್ದು ಡೀಸೆಲ್ ಪಂಪ್ ಕಂಪ್ಲೇಂಟ್ ಅಂತ!"

'ಇವ್ರು' ಅಂದರೆ ಪಕ್ಕದಲ್ಲೇ ನಿಂತಿರುವ ಮಾಲೀಕ ಚಿದಾನಂದ್. ಎಂದೋ ಹೊಲ ಉಳುತ್ತಿದ್ದ ಈ ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕರ್ ಕಟ್ಟಿ, ಬನಶಂಕರಿ ಸುತ್ತಮುತ್ತಲಿನ ಅಪಾರ್ಟ್‌ಮೆಂಟ್‌ಗಳಿಗೆ ನೀರು ಹೊಡೆಸುತ್ತಾರೆ. ಹಿಂದಿನ ದಿನ ನಡೆದದ್ದನ್ನು ಡ್ರೈವರ್ ಬಸವಂತ ಹೇಳುತ್ತಾನೆ: "ಗಿರಿನಗರದ ಏರಿನ್ಯಾಗ ಎಷ್ಟ ರೇಸ್ ಕೊಟ್ರೂ ಮುಂದ ಹೋಗ್ಲಿಲ್ರೀ. ತುಂಬಿದ ಟ್ಯಾಂಕರ್ ಹಿಂದಕ್ಕ ಜಗ್ಗಾಕತ್ತಿತ್ತು. ಹಿಂದ ನೋಡಿದ್ರ ಸ್ಕೂಲ್ ವ್ಯಾನ್! ಬ್ರೇಕ್ ಹಿಡೀತು, ಉಳಕೊಂಡ್ವಿ."

ಇಷ್ಟಾದರೂ ಚಿದಾನಂದ್ ಕೇಳುವುದೇ ಬೇರೆ. "ಅಣ್ಣ, ಇವತ್ತೊಂದಿನ ಪೆಡಲ್ ಅಡ್ಜಸ್ಟ್ ಮಾಡ್ಕೊಡಿ. ಭಾನುವಾರ ಬಿಚ್ಚೋಣ. ನೀರಿಲ್ಲ ಅಂತ ನಿನ್ನೆಯಿಂದ ಬೈಸ್ಕೊಳ್ತಾ ಇದೀನಿ."

ಕರಿಬಸವಯ್ಯ ಪೆಡಲನ್ನು ಕೈಯಲ್ಲೇ ಒತ್ತಿ ತೋರಿಸುತ್ತಾರೆ. "ಒಂದಿಂಚು ಪ್ಲೇ ಇದೆ, ಸಡಿಲ ಸರಿಯಾಗೇ ಇದೆ. ಇನ್ನೇನು ಅಡ್ಜಸ್ಟ್ ಮಾಡ್ಲಿ, ನನ್ ತಲೇನಾ? ಬಿಚ್ಚದೆ ಇದು ಶೆಡ್ ಬಿಟ್ಟು ಹೋಗಲ್ಲ." ಬೀಗದ ಕೈ ಕಿತ್ತು ಅಂಗಿ ಜೇಬಿಗೆ ಹಾಕಿಕೊಳ್ಳುತ್ತಾರೆ.

ಹರಪನಹಳ್ಳಿ ಕಡೆಯ ಈ ಐವತ್ತೇಳರ ಮೆಕ್ಯಾನಿಕ್ ಬೆಂಗಳೂರಿಗೆ ಬಂದು ಮೂವತ್ತೆರಡು ವರ್ಷ. ಹೊಲಗಳೇ ಇಲ್ಲದ ಊರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾರೆಂದರೆ ಬಹಳ ಮಂದಿ ನಗುತ್ತಾರೆ. ಆದರೆ ನೀರು, ಮರಳು, ಒಡೆದ ಮನೆಯ ಮಣ್ಣು ಎಲ್ಲವನ್ನೂ ಎಳೆಯುವುದು ಈ ಹಳೆಯ ಗಾಡಿಗಳೇ. ತಿಂಗಳಿಗೆ ಆರೇಳಾದರೂ ಇಲ್ಲಿಗೆ ಬರುತ್ತವೆ. ಶೆಡ್ ಹಾಕಿದ್ದ ಸೈಟಿನಲ್ಲಿ ಕಟ್ಟಡ ಎದ್ದಾಗಲೆಲ್ಲ ಜಾಗ ಬದಲಾಯಿಸಿದ್ದಾರೆ, ಮೂರು ಸಲ. ಮಂಡಿ ಸವೆದಿದೆ. ಸಿಟ್ಟು ಮಾತ್ರ ಸವೆದಿಲ್ಲ. "ನಾಲ್ಕು ಕಡೆ ತೋರಿಸಿ, ಕೆಡಿಸ್ಕೊಂಡು, ಕೊನೇಗೆ ಇಲ್ಲಿಗೆ ಬರ್ತಾರೆ. ಬಂದು ನಂಗೇ ಪಾಠ ಹೇಳ್ತಾರೆ!"

ಟ್ರ್ಯಾಕ್ಟರಿನ ಕ್ಲಚ್ ಇರುವುದು ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ. ಅಲ್ಲಿಗೆ ಕೈ ಹೋಗಬೇಕಾದರೆ ಗಾಡಿಯನ್ನೇ ಎರಡು ಮಾಡಬೇಕು. ಮುಂಭಾಗ ಅಲುಗದಂತೆ ಮರದ ಬೆಣೆ ಬಡಿದು, ಹೊಟ್ಟೆಯಡಿ ಜಾಕಿ ಕೊಟ್ಟು, ಒಂದೊಂದೇ ಬೋಲ್ಟ್ ಕಳಚುತ್ತಾರೆ. ಬಸವಂತ ಹಿಂಭಾಗವನ್ನು ಹಿಂದಕ್ಕೆ ತಳ್ಳುತ್ತಾನೆ. ಕ್ಲಚ್ ಪ್ಲೇಟ್ ಹೊರಬರುವಾಗ ಮಧ್ಯಾಹ್ನವಾಗಿದೆ.

ಪ್ಲೇಟ್ ಸವೆದಿಲ್ಲ. ಎಣ್ಣೆಯಲ್ಲಿ ತೊಯ್ದು ಹೊಳೆಯುತ್ತಿದೆ. ಎಂಜಿನ್ ಎಣ್ಣೆಯನ್ನು ತಡೆಯಬೇಕಾದ ರಬ್ಬರಿನ ಸೀಲ್ ಒಣಗಿ ಬಿರುಕು ಬಿಟ್ಟಿದೆ. ಸೋರಿದ ಎಣ್ಣೆಗೇ ಪ್ಲೇಟ್ ಜಾರಿದ್ದು. ಕರಿಬಸವಯ್ಯನವರ ದನಿ ಏರುತ್ತದೆ: "ಯಾವನ್ರೀ ಅವನು, ಹೊಸ ಪ್ಲೇಟ್ ಹಾಕಿ ಹಳೇ ಸೀಲ್ ಬಿಟ್ಟಿರೋನು? ಅವನ ಕೈಗೆ ಸ್ಪ್ಯಾನರ್ ಕೊಟ್ಟೋರು ಯಾರು?"

ಚಿದಾನಂದ್ ಮೆಲ್ಲಗೆ ಹೇಳುತ್ತಾರೆ, "ಅಣ್ಣ, ಬೈಬೇಡಿ. ದೀಪಾವಳಿಗೆ ಮುಂಚೆ ನೀವೇ ಹಾಕಿದ್ದು."

"ನಾನಾ? ಸಾಧ್ಯಾನೇ ಇಲ್ಲ!" ಎನ್ನುತ್ತಲೇ ಅವರು ಪ್ಲೇಟ್ ಒತ್ತಿಕೊಳ್ಳುವ ಎಂಜಿನ್ನಿನ ಭಾರದ ಚಕ್ರ, ಫ್ಲೈವೀಲಿನ ಅಂಚನ್ನು ಬಟ್ಟೆಯಲ್ಲಿ ಒರೆಸುತ್ತಾರೆ. ಅಲ್ಲಿ ಉಳಿಯಿಂದ ಹೊಡೆದ ಎರಡು ಚುಕ್ಕಿ. ತಾವು ಮುಟ್ಟಿದ ಪ್ರತಿ ಗಾಡಿಗೂ ಅವರೇ ಹೊಡೆಯುವ ಗುರುತು. ಟೂಲ್ ಬಾಕ್ಸಿನ ಮೇಲೆ ಕೂತುಬಿಡುತ್ತಾರೆ.

"ಜ್ಞಾಪಕ ಬಂತು," ಎನ್ನುತ್ತಾರೆ. "ಅವತ್ತು ಸೀಲ್ ಸಿಗಲಿಲ್ಲ. ಇವ್ರು ಸಂಜೆಗೆ ಗಾಡಿ ಬೇಕೇ ಬೇಕು ಅಂತ ತಲೆ ಮೇಲೆ ನಿಂತಿದ್ರು. ಇನ್ನೊಂದು ವರ್ಷ ಬರುತ್ತೆ ಬಿಡು ಅಂತ ಮುಚ್ಚಿಬಿಟ್ಟೆ. ಅವಸರ ಇವ್ರದ್ದೇ. ಆದ್ರೆ ಸ್ಪ್ಯಾನರ್ ನನ್ ಕೈಲಿತ್ತಲ್ಲ ಸಾರ್? ಆ ವ್ಯಾನಿಗೆ ಏನಾದ್ರೂ ಆಗಿದ್ರೆ?"

ಅಡ್ಜಸ್ಟ್ ಮಾಡಿ ಎಂಬ ಮಾತನ್ನು ಆಮೇಲೆ ಯಾರೂ ಎತ್ತುವುದಿಲ್ಲ. ಚಿದಾನಂದ್ ಬೇರೆ ಟ್ಯಾಂಕರ್ ಹುಡುಕಲು ಫೋನ್ ಹಿಡಿದು ರಸ್ತೆಗೆ ಹೋಗುತ್ತಾರೆ. ಕಲೆಗಟ್ಟಿದ ಫ್ಲೈವೀಲ್ ಬೊಮ್ಮನಹಳ್ಳಿಯ ಲೇತ್ ಅಂಗಡಿಗೆ ಹೋಗಿ ನಯವಾಗಿ ಬರುತ್ತದೆ. ಎಣ್ಣೆ ಹೀರಿದ ಪ್ಲೇಟ್ ಬದಲು ಹೊಸದು, ಜೊತೆಗೆ ಹೊಸ ಸೀಲ್. ಎರಡು ಭಾಗಗಳನ್ನು ಮತ್ತೆ ಕೂಡಿಸುವಾಗ ಕೂದಲೆಳೆಯಷ್ಟು ಓರೆಯಾದರೂ ಗೇರ್ ಬಾಕ್ಸಿನ ಶಾಫ್ಟ್ ಕ್ಲಚ್ ಒಳಗೆ ಹೋಗದು. ಮೂರು ಸಲ ತಪ್ಪುತ್ತದೆ. ಮೂರು ಸಲವೂ ಬೈಗುಳ ತಿನ್ನುವುದು ಬಸವಂತ.

ಮರುದಿನ ಸಂಜೆ ತುಂಬಿದ ಟ್ಯಾಂಕರ್ ಕಟ್ಟಿಕೊಂಡು ಗಿರಿನಗರದ ಅದೇ ಏರಿಗೆ ಕರಿಬಸವಯ್ಯನವರೇ ಗಾಡಿ ಹತ್ತಿಸುತ್ತಾರೆ. ಜಾರಿದರೆ ಚಕ್ರಕ್ಕೆ ಅಡ್ಡ ಕೊಡಲು ಬಸವಂತ ಮರದ ದಿಮ್ಮಿ ಹಿಡಿದು ಹಿಂದೆ ನಡೆಯುತ್ತಾನೆ. ಟ್ರ್ಯಾಕ್ಟರ್ ಎಲ್ಲೂ ಜಾರದೆ ತುದಿ ಮುಟ್ಟುತ್ತದೆ. ಚಿದಾನಂದ್ ಕೈಮುಗಿಯಲು ಹೋದರೆ, "ಅದೆಲ್ಲ ಬೇಡ, ಮುಂದಿನ್ಸಲ ನಾನು ಎರಡು ದಿನ ಅಂದ್ರೆ ಎರಡು ದಿನ" ಎಂದು ಬೀಗದ ಕೈ ಕೊಡುತ್ತಾರೆ.

ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳುತ್ತೇನೆ. ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಕರಿಬಸವಯ್ಯ ಹೇಳುತ್ತಾರೆ: "ಬೆಸ್ಟ್ ಮೆಕ್ಯಾನಿಕ್ ಅಂತೆಲ್ಲ ಬರೀಬೇಡಿ. ತಪ್ಪು ಮಾಡಿದ್ದ, ಅವನೇ ಬಿಚ್ಚಿ ಸರಿ ಮಾಡ್ದ ಅಂತ ಬರೀರಿ, ಸಾಕು. ಫೋನ್ ನಂಬರ್ ಮಾತ್ರ ಹಾಕ್ಬೇಡಿ ಸಾರ್. ತಲೆ ತಿನ್ನೋಕೆ ಇರೋರೇ ಸಾಕು!"