ಬಾಜೂ ಮನೆಯವಳ ಯೋಗಕ್ಷೇಮ

ಕಳೆದ ವಾರ ನಮ್ಮ ಕಾಲೇಜಿನ ಲೈಬ್ರರಿಗೆ ಎರಡು ಗೋಣಿಚೀಲ ಹಳೆಯ ಪುಸ್ತಕಗಳು ಬಂದವು. ನಾನು ಓದಿದ ಚಿಕ್ಕೋಡಿಯ ಕಾಲೇಜಿನವರು ಹೊಸ ಕಟ್ಟಡಕ್ಕೆ ಹೋಗುವಾಗ ಬೇಡವೆಂದು ತೆಗೆದಿಟ್ಟವು. ನಾನು ಈಗ ಪಾಠ ಮಾಡುವ ರಾಯಬಾಗದ್ದು ಸಣ್ಣ ಕಾಲೇಜು, ಇನ್ನೊಬ್ಬರಿಗೆ ಬೇಡವಾದದ್ದೂ ನಮಗೆ ಬೇಕು. ದಪ್ಪನೆಯ ಇತಿಹಾಸದ ಪುಸ್ತಕವೊಂದನ್ನು ಎತ್ತಿಕೊಂಡು ಧೂಳು ಕೊಡವಿದೆ. ಒಳಗಿಂದ ಏನೋ ಜಾರಿ ನನ್ನ ಕಾಲ ಬಳಿ ಬಿತ್ತು. ಬಗ್ಗಿ ನೋಡಿದರೆ ಬೀಡಿ ಎಲೆ. ಅಳತೆಗೆ ಕತ್ತರಿಸಿದ್ದು, ಒಣಗಿ ಕಂದಾಗಿತ್ತು. ಮೂಗಿನ ಹತ್ತಿರ ಹಿಡಿದೆ. ತಂಬಾಕಿನ ವಾಸನೆ ಇತ್ತೋ, ಇಲ್ಲ ನನ್ನ ತಲೆಯೊಳಗಿನದೇ ಎದ್ದು ಬಂತೋ... ಆ ಕಪಾಟುಗಳ ನಡುವೆಯೇ ಒಂದು ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ.

ಅವತ್ತೇ ನನ್ನ ಮೇಜಿನ ಮೇಲೆ ವಿಶ್ವವಿದ್ಯಾಲಯದ ಒಂದು ಫಾರ್ಮ್ ಬಂದು ಕೂತಿತ್ತು. ಶಿಷ್ಯವೇತನ ಮತ್ತು ಶುಲ್ಕ ವಿನಾಯಿತಿ ಬಿಟ್ಟು ಬಡ ವಿದ್ಯಾರ್ಥಿಗಳಿಗೆ ಕಾಲೇಜು ಬೇರೆ ಏನು ನೆರವು ಕೊಡುತ್ತದೆ, ವಿವರಿಸಿ ಎಂದು ಕೇಳಿದ್ದರು. ಕೆಳಗೆ ನಾಲ್ಕು ಗೆರೆ ಜಾಗ. ನಾಲ್ಕು ಗೆರೆಯಲ್ಲಿ ಏನು ಬರೆಯಲಿ, ನನ್ನ ತಲೆ?

ನಾನು ಕಾಲೇಜು ಸೇರಿದಾಗ ಫೀ ಸರಕಾರದ್ದು, ಬಸ್ ಪಾಸೂ ಸರಕಾರದ್ದು. ಆ ಮಟ್ಟಿಗೆ ತೊಂದರೆ ಇರಲಿಲ್ಲ. ಇಲ್ಲದ್ದು ಬೇರೆ. ನಿಪ್ಪಾಣಿಯ ನಮ್ಮ ಮನೆ ಎಂದರೆ ಒಂದೇ ಖೋಲಿ. ಅವ್ವ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಒಂದು ಮೂಲೆಯಲ್ಲಿ ನೆನೆಸಿದ ಎಲೆ, ಇನ್ನೊಂದು ಮೂಲೆಯಲ್ಲಿ ತಂಬಾಕಿನ ಚೀಲ, ನಡುವೆ ನಾನು. ಕಾಲೇಜಿಗೆ ಹೊರಡುವ ಮೊದಲು ತಗಡಿನ ಅಳತೆ ಇಟ್ಟು ಎಲೆ ಕತ್ತರಿಸಿ ಕೊಡುವುದು ನನ್ನ ಕೆಲಸ. ಎಷ್ಟು ತೊಳೆದರೂ ವಾಸನೆ ಬೆರಳು ಬಿಡುತ್ತಿರಲಿಲ್ಲ. ಮೊದಲ ವಾರವೇ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಮೂಗಿಗೆ ಕರ್ಚೀಫು ಹಿಡಿದು ದೂರ ಸರಿದಳು. ಅವತ್ತಿನಿಂದ ನನ್ನ ಅವ್ವ ಏನು ಮಾಡುತ್ತಾಳೆ ಎಂದು ಕೇಳಿದವರಿಗೆಲ್ಲ ಮನೆಯಲ್ಲಿರುತ್ತಾಳೆ ಎನ್ನುತ್ತಿದ್ದೆ. ಸುಳ್ಳೂ ಅಲ್ಲ, ನಿಜವೂ ಅಲ್ಲ.

ಅಪ್ಪ ಇರಲಿಲ್ಲ. ನನ್ನನ್ನು ಕಾಲೇಜಿಗೆ ಕಳಿಸಲು ಸೋದರಮಾವ ಒಪ್ಪಿದ್ದು ಒಂದೇ ಕರಾರಿನ ಮೇಲೆ. “ಕಾಲೇಜಿಂದ ನಿನ್ನ ಮ್ಯಾಲ ಒಂದ ಮಾತು ಬಂತಂದ್ರ ಅವತ್ತಿಗೇ ಮುಗೀತು ನೋಡು. ಮದಿವಿ ಮಾಡಿ ಕೈ ತೊಳ್ಕೋತೀನಿ.” ಮಾವ ತಮಾಷೆ ಮಾಡುವ ಮನುಷ್ಯನಲ್ಲ.

ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದವರು ಒಬ್ಬ ಅಕ್ಕೋರು. ಐಗಳಿ ಕಡೆಯ ಜೈನ ಮನೆತನದವರು, ಮದುವೆ ಮಾಡಿಕೊಂಡಿರಲಿಲ್ಲ. ತಿಳಿಬಣ್ಣದ ಸೀರೆ, ಮೂಗಿನ ತುದಿಗೆ ಜಾರಿದ ಕನ್ನಡಕ. ಯಾರ ಹೆಸರೂ ಅವರಿಗೆ ನೆನಪಿರುತ್ತಿರಲಿಲ್ಲ, ಊರು ಮಾತ್ರ ಮರೆಯುತ್ತಿರಲಿಲ್ಲ. “ಏ ಮುಗಳಖೋಡ, ಪುಸ್ತಕ ತಂದಿ ಏನ?” “ಕಾಗವಾಡ, ಸಾವಕಾಶ ಮಾತಾಡು.” ನಾನು ನಿಪ್ಪಾಣಿ. ನನ್ನ ಊರಿನಿಂದ ಇನ್ನೂ ಎಷ್ಟೋ ಜನ ಬರುತ್ತಿದ್ದರೂ ಆ ಪಟ್ಟ ನನಗೊಬ್ಬಳಿಗೇ ಸಿಕ್ಕಿತ್ತು. ಅದರ ಮೇಲೆ ನನಗೆ ಒಳಗೊಳಗೇ ಜಂಬ.

ಕಿಟಕಿಯ ಪಕ್ಕದ ಒಂದು ಮೇಜನ್ನು ಅವರು ನನಗೆಂದು ಬಿಟ್ಟಿದ್ದರು. ಹಾಗೆಂದು ಬಾಯಿ ಬಿಟ್ಟು ಹೇಳಿದವರಲ್ಲ. ಬೇರೆ ಯಾರಾದರೂ ಕೂತರೆ “ಅಲ್ಲಿ ಬಿಸಲ ಬೀಳ್ತೈತಿ, ಈ ಕಡೆ ಬರ್ರಿ” ಎಂದು ಎಬ್ಬಿಸುತ್ತಿದ್ದರು. ನನಗೆ ಮಾತ್ರ ಬಿಸಿಲು ತಾಗುತ್ತಿರಲಿಲ್ಲವೋ ಏನೋ. ಹೊತ್ತು ಮುಳುಗುವ ಮುನ್ನ ಅವರ ಊಟ ಮುಗಿಯಬೇಕಿತ್ತು. ಐದಕ್ಕೆಲ್ಲ ಹಿಂದಿನ ಖೋಲಿಯಲ್ಲಿ ಡಬ್ಬಿ ಬಿಚ್ಚಿ ನನ್ನನ್ನು ಕೂಗುತ್ತಿದ್ದರು. “ಬಾ ಬೇ ನಿಪ್ಪಾಣಿ, ಹೊತ್ತು ಮುಣಗಾಕ ಬಂತು. ಉಳದ್ರ ನಾ ತಿನ್ನಂಗಿಲ್ಲ, ಚೆಲ್ಲಿದ್ರ ಪಾಪ. ಕೈ ಹಚ್ಚು.” ಒಬ್ಬರೇ ಉಣ್ಣುವವರ ಡಬ್ಬಿಯಲ್ಲಿ ದಿನಾಲೂ ಐದು ರೊಟ್ಟಿ ಯಾಕೆ ಇರುತ್ತವೆ ಎಂದು ನಾನು ಕೇಳಲಿಲ್ಲ. ಬೆಳ್ಳುಳ್ಳಿ ಇಲ್ಲದ ಶೇಂಗಾ ಚಟ್ನಿ ಸಪ್ಪೆ ಎಂದು ಮಾತ್ರ ಒಮ್ಮೆ ಅಂದೆ. “ಹಸಿವಿ ಇದ್ದಾಕಿಗೆ ಬಳ್ಳೊಳ್ಳಿ ಯಾಕ ಬೇಕ” ಎಂದು ತಲೆಗೆ ಮೊಟಕಿದರು.

ಎರಡನೇ ವರ್ಷದಲ್ಲಿ ನಾನು ಎಡವಿದೆ. ಓದಿದ ಪುಟಕ್ಕೆ ಗುರುತು ಬೇಕಾದರೆ ನಮ್ಮ ಮನೆಯಲ್ಲಿ ಕೈಗೆ ಸಿಗುವುದು ಏನು? ಕತ್ತರಿಸಿದ ಬೀಡಿ ಎಲೆ. ಇತಿಹಾಸದ ಪುಸ್ತಕದಲ್ಲಿ ಅದನ್ನಿಟ್ಟು, ತೆಗೆಯುವುದನ್ನು ಮರೆತು ವಾಪಸು ಕೊಟ್ಟುಬಿಟ್ಟೆ. ಆ ಪುಸ್ತಕ ಮುಂದೆ ಹೋದದ್ದು ಒಬ್ಬ ಮೇಷ್ಟ್ರ ಕೈಗೆ. ಅವರು ಎಲೆ ಹಿಡಿದುಕೊಂಡು ಪ್ರಿನ್ಸಿಪಾಲರ ಮುಂದೆ ನಿಂತರು. ಹುಡುಗಿಯರು ಓದುವ ಖೋಲಿಯಲ್ಲಿ ಯಾರೋ ಬೀಡಿ ಸೇದುತ್ತಾರೆ, ಪುಸ್ತಕದೊಳಗೆ ಬಚ್ಚಿಡುತ್ತಾರೆ ಎಂದು ಮಧ್ಯಾಹ್ನದೊಳಗೆ ಕಾಲೇಜೆಲ್ಲ ಸುದ್ದಿ. ನಾಳೆ ತಾವೇ ಲೈಬ್ರರಿಗೆ ಬಂದು ರಿಜಿಸ್ಟರ್ ನೋಡುವುದಾಗಿಯೂ, ಆ ಪುಸ್ತಕ ಒಯ್ದವರ ಮನೆಯವರನ್ನು ಕರೆಸುವುದಾಗಿಯೂ ಪ್ರಿನ್ಸಿಪಾಲರು ಹೇಳಿ ಕಳಿಸಿದರು.

ರಿಜಿಸ್ಟರಿನಲ್ಲಿ ಆ ಮೇಷ್ಟ್ರಿಗಿಂತ ಮುಂಚೆ ಇದ್ದದ್ದು ನನ್ನ ಹೆಸರು. ಮನೆಯವರು ಎಂದರೆ ಮಾವ. ಮಾವ ಬಂದರೆ ನನ್ನ ಓದು ಅಲ್ಲಿಗೆ ಮುಗಿದಂತೆ. ಸೇದುವವಳು ನಾನಲ್ಲ, ನಮ್ಮವ್ವ ಕಟ್ಟುವವಳು ಎಂದು ಹೇಳಿದರೆ ಉಳಿಯಬಹುದಿತ್ತು. ಆದರೆ ಅದನ್ನು ಆ ಕರ್ಚೀಫಿನ ಹುಡುಗಿಯ ಮುಂದೆ, ಇಡೀ ಕಾಲೇಜಿನ ಮುಂದೆ ಹೇಳುವುದಕ್ಕಿಂತ ಮದುವೆಯೇ ವಾಸಿ ಅನ್ನಿಸಿತ್ತು. ಹದಿನೆಂಟರ ವಯಸ್ಸಿನ ನಾಚಿಕೆಗೆ ಬುದ್ಧಿ ಎಲ್ಲಿರುತ್ತದೆ.

ಸಂಜೆ ಅಕ್ಕೋರು ಡಬ್ಬಿ ಬಿಚ್ಚಿದರು. ನಾನು ರೊಟ್ಟಿ ಮುಟ್ಟಲಿಲ್ಲ. ಅವರು ರೊಟ್ಟಿ ಮುರಿಯುತ್ತ, ನನ್ನ ಮುಖ ನೋಡದೆ ಕೇಳಿದರು. “ನಿಮ್ಮ ನಿಪ್ಪಾಣ್ಯಾಗ ಬೀಡಿ ಕಟ್ಟೂ ಮಂದಿ ಭಾಳ ಅಂತಲ್ಲ. ನಿಮ್ಮ ಬಾಜೂ ಮನ್ಯಾಗ ಯಾರರ ಕಟ್ತಾರೇನು?”

ಪಕ್ಕದ ಮನೆ ಎಂದಾಗ ನಾನು ತಲೆ ತಗ್ಗಿಸಿದೆ. “ಹೌದ್ರಿ... ಬಾಜೂ ಮನ್ಯಾಗ ಕಟ್ತಾರ್ರಿ.”

“ಹಂಗಾದ್ರ ನಾಳೆ ಲಗೂ ಬಾ. ಬರೂವಾಗ ಆಕಿ ಕಡಿಂದ ಕತ್ತರಿಸಿದ್ದ ಎಲಿ ಒಂದ ಚೀಲ ಇಸ್ಕೊಂಡ ಬಾ. ಹರಕ ಇದ್ರೂ ನಡೀತೈತಿ.”

ರಾತ್ರಿಯೇ ಬೀಡಿ ಕಾರ್ಖಾನೆಗೆ ನಡೆಯದ ಹರಕು ಎಲೆ, ಸೊಟ್ಟ ಎಲೆಗಳನ್ನೆಲ್ಲ ಚೀಲಕ್ಕೆ ತುಂಬಿ ಮೊದಲ ಬಸ್ಸಿಗೇ ಹೋದೆ. ಅಕ್ಕೋರು ಆಗಲೇ ಬಾಗಿಲು ತೆರೆದಿದ್ದರು. ಇಬ್ಬರೂ ಕಪಾಟಿನ ಪುಸ್ತಕಗಳಿಗೆ ಕೈ ಹಚ್ಚಿದೆವು. ಒಂದು ಪುಸ್ತಕ ತೆಗೆಯುವುದು, ಒಂದು ಎಲೆ ಇಡುವುದು. ಎಲೆ ಮುಟ್ಟುವಾಗ ಅವರ ಮೂಗು ಸೊಟ್ಟಗಾಗುತ್ತಿತ್ತು. ತಂಬಾಕೆಂದರೆ ಅವರ ಮನೆಯ ಹೊಸ್ತಿಲು ದಾಟದ ವಸ್ತು. ಆದರೂ ಕೈ ನಿಲ್ಲಲಿಲ್ಲ. ಹನ್ನೊಂದು ಗಂಟೆಗೆ ಪ್ರಿನ್ಸಿಪಾಲರು ಬರುವಷ್ಟರಲ್ಲಿ ನಾಲ್ಕು ಕಪಾಟು ಮುಗಿದಿದ್ದವು.

“ರಿಜಿಸ್ಟರ್ ತರ್ರಿ ಬಾಯಾರ” ಎಂದರು ಅವರು.

“ತರ್ತೀನ್ರಿ. ಅದಕ್ಕಿಂತ ಮದಲ ಯಾವುದರ ಒಂದ ಪುಸ್ತಕ ತಗದ ನೋಡ್ರಿ ಸರ್.”

ಪ್ರಿನ್ಸಿಪಾಲರು ಒಂದು ತೆಗೆದರು, ಎಲೆ. ಇನ್ನೊಂದು ತೆಗೆದರು, ಎಲೆ. ಮೂರನೆಯದನ್ನು ಬೇರೆ ಕಪಾಟಿನಿಂದ ಎಳೆದರು, ಅದರಲ್ಲೂ ಎಲೆ.

“ಏನ್ರಿ ಇದು?”

“ಗುರ್ತಿನ ಎಲಿ ರೀ. ಹುಡುಗೂರು ಹಾಳಿ ಮೂಲಿ ಮಡಚಿ ಪುಸ್ತಕ ಹಾಳ ಮಾಡ್ತಾರ. ಅದಕ್ಕ ನಾನ ಇಡಾಕತ್ತೀನಿ.”

“ನೀವು? ಬೀಡಿ ಎಲೀನ?”

“ಸೇದೂದು ತಪ್ಪರಿ ಸರ್. ಎಲಿ ಏನ ತಪ್ಪ ಮಾಡೈತಿ? ರಿಜಿಸ್ಟರ್ ತರ್ಲೇನ್ರಿ ಈಗ?”

ಪ್ರಿನ್ಸಿಪಾಲರು ಅವರ ಸೀರೆ ನೋಡಿದರು, ಕನ್ನಡಕ ನೋಡಿದರು. ನೀರು ಸೋಸದೆ ಕುಡಿಯದ ಹೆಂಗಸಿನ ಮುಂದೆ ಬೀಡಿಯ ವಿಚಾರಣೆ ಎಷ್ಟು ಹೊತ್ತು ಮಾಡಲು ಸಾಧ್ಯ? “ಬ್ಯಾಡ ಬಿಡ್ರಿ” ಎಂದು ನಗುತ್ತ ಹೋದರು. ನಾನು ಕಪಾಟಿನ ಹಿಂದೆ ಗೋಡೆಗೆ ಆತು ಕೂತುಬಿಟ್ಟಿದ್ದೆ. ಅಕ್ಕೋರು ಸುಳ್ಳು ಹೇಳುವವರಲ್ಲ. ಅದಕ್ಕೇ ಮೊದಲು ಎಲೆ ಇಟ್ಟು, ಆಮೇಲೆ ಬಾಯಿ ಬಿಟ್ಟಿದ್ದರು. ಇದು ನನಗೆ ಹೊಳೆದದ್ದು ಎಷ್ಟೋ ದಿನಗಳ ನಂತರ.

ಅಲ್ಲಿಂದ ನಾನು ಡಿಗ್ರಿ ಮುಗಿಸುವ ತನಕ ತಿಂಗಳಿಗೊಮ್ಮೆ ಎಲೆ ಒಯ್ದು ಕೊಟ್ಟೆ. ಹುಡುಗಿಯರೆಲ್ಲ ಅದನ್ನೇ ಪುಸ್ತಕಕ್ಕೆ ಇಡುತ್ತಿದ್ದರು, ಕರ್ಚೀಫಿನ ಹುಡುಗಿಯೂ. ಲೈಬ್ರರಿಗೆಲ್ಲ ಒಂದೇ ವಾಸನೆ ಹತ್ತಿದ ಮೇಲೆ ನನ್ನದು ಯಾವುದೆಂದು ಯಾರಿಗೂ ತಿಳಿಯಲಿಲ್ಲ. ಅಕ್ಕೋರು ಮಾತ್ರ ಚೀಲ ಇಸಿದುಕೊಳ್ಳುವಾಗ ಪ್ರತಿ ಸಲವೂ ಕೇಳುತ್ತಿದ್ದರು. “ಬಾಜೂ ಮನೀಯಾಕಿ ಅರಾಮ ಅದಾಳೇನ?” ಒಮ್ಮೆ ಅವ್ವನಿಗೆ ಕೆಮ್ಮು ಹಿಡಿದಿತ್ತು. ಬಾಜೂ ಮನೆಯವಳಿಗೆ ಕೆಮ್ಮು ಎಂದೆ. ಮರುದಿನ ಮೆಣಸು, ಒಣಶುಂಠಿ, ಬೆಲ್ಲ ಕುಟ್ಟಿ ಮಾಡಿದ ಉಂಡೆಗಳನ್ನು ಡಬ್ಬಿಯಲ್ಲಿ ತಂದಿದ್ದರು. “ಆಕಿಗೆ ಕೊಡು. ತಂಬಾಕಿನ ಧೂಳಾಗ ಮಾರಿಗೆ ಅರಿವಿ ಕಟ್ಕೋ ಅಂತ ಹೇಳು.”

ಮನೆಗೆ ಬಂದು ಅಕ್ಕೋರು ನಿನ್ನನ್ನು ಕೇಳಿದ್ದಾರೆ ಎಂದು ಅವ್ವನಿಗೆ ಹೇಳುತ್ತಿದ್ದೆ. ಅವಳ ಮುಖ ಅರಳುತ್ತಿತ್ತು. “ಕಾಲೇಜಿನ ಅಕ್ಕೋರು ನನ್ನ ಕೇಳ್ಯಾರಾ? ಒಮ್ಮೆ ಕರ್ಕೊಂಡ ಬಾ ಬೇ ಅವರ್ನ.” ಅವರು ಹೊರಗೆ ಏನೂ ತಿನ್ನುವುದಿಲ್ಲ, ಬರುವುದಿಲ್ಲ ಎಂದು ಜಾರಿಕೊಳ್ಳುತ್ತಿದ್ದೆ. ಕರೆತಂದರೆ ಬಾಜೂ ಮನೆ ಯಾವುದೆಂದು ತೋರಿಸಬೇಕಿತ್ತಲ್ಲ.

ರಿಸಲ್ಟು ಬಂದ ದಿನ ಹೇಳಿಬಿಡಬೇಕೆಂದು ಹೋಗಿದ್ದೆ. ಅವರ ಕಾಲು ಮುಟ್ಟಿದೆ, ಹೇಳದೆಯೇ ಎದ್ದೆ. “ಬಾಜೂ ಮನೀಯಾಕಿಗೂ ಪೇಡೆ ಕೊಡು” ಎಂದು ಇನ್ನೊಂದು ಪುಡಿಕೆ ಕೈಗಿಟ್ಟರು. ಆಮೇಲೆ ಮುಂದಿನ ಓದು, ನೌಕರಿ... ಅವರು ನಿವೃತ್ತರಾಗಿ ಐಗಳಿಯ ತಮ್ಮನ ಮನೆಗೆ ಹೋದರೆಂದು ಕೇಳಿದೆ. ಐಗಳಿಗೆ ಹತ್ತಿರದ ಅಥಣಿಗೆ ಪರೀಕ್ಷೆಯ ಕೆಲಸಕ್ಕೆ ಹೋದಾಗಲೆಲ್ಲ ಮುಂದಿನ ಸಲ ಹೋದರಾಯಿತು ಎಂದುಕೊಂಡೆ. ಕಡೆಗೂ ಹೋದಾಗ ಅವರು ತೀರಿಕೊಂಡು ಎರಡು ತಿಂಗಳಾಗಿತ್ತು.

ತಮ್ಮನ ಹೆಂಡತಿ ನೀರು ಕೊಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀವ ಏನ್ರಿ ನಿಪ್ಪಾಣಿ? ಅಕ್ಕಾರು ಹೇಳಿ ಇಟ್ಟಿದ್ರು. ನಿಪ್ಪಾಣಿ ಬಂದ್ರ ಬಾಜೂ ಮನೀಯಾಕಿ ಹೆಂಗದಾಳ ಅಂತ ಕೇಳ್ರಿ ಅಂತ. ಯಾರ್ರಿ ಆಕಿ?”

“ಅರಾಮ ಅದಾಳ್ರಿ” ಎಂದೆ. ಎರಡನೆಯ ಪ್ರಶ್ನೆಗೆ ಅಲ್ಲಿಯೂ ಉತ್ತರ ಕೊಡಲಿಲ್ಲ. ಬಸ್ಸಿನಲ್ಲಿ ಊರು ಬರುವ ತನಕ ಅತ್ತೆ.

ಕಳೆದ ವಾರ ಆ ಎಲೆಯನ್ನು ಮನೆಗೆ ತಂದೆ. ಅವ್ವ ಈಗ ನನ್ನ ಜೊತೆಗೇ ಇದ್ದಾಳೆ. ಬೀಡಿ ಬಿಟ್ಟು ವರ್ಷಗಳೇ ಆದವು, ಬೆರಳು ಮಾತ್ರ ಮರೆತಿಲ್ಲ. ಎಲೆಯನ್ನು ಹೆಬ್ಬೆರಳಿನಿಂದ ಸವರಿ, ಅಂಚು ನೋಡಿದಳು.

“ಇದು ನನ್ನ ಕತ್ರಿ ಅಲ್ಲ. ನೀ ಕತ್ತರಿಸಿದ್ದು. ಒಂದ ಬಾಜೂ ಸೊಟ್ಟ ಐತಿ ನೋಡ.”

ಆಗ ಎಲ್ಲ ಹೇಳಿದೆ. ಕರ್ಚೀಫಿನಿಂದ ಹಿಡಿದು ಪೇಡೆಯ ತನಕ. ನಿನ್ನನ್ನು ಬಾಜೂ ಮನೆಯವಳು ಮಾಡಿದ್ದೆ ಅವ್ವಾ ಎಂದೆ. ಅವಳು ಎಲೆಯ ಸೊಟ್ಟ ಅಂಚನ್ನೇ ಸವರುತ್ತ ಕೂತಳು. ಬೈದಿದ್ದರೆ ಹಗುರಾಗುತ್ತಿತ್ತು.

“ಅವರು ಕೇಳಿದ್ದು ಯಾರ ಕೆಮ್ಮು?” ಎಂದಳು ಆಮೇಲೆ.

“ನಿಂದು.”

“ಬೆಲ್ಲದ ಉಂಡಿ ಯಾರ ತಿಂದ್ರು?”

“ನೀನ.”

“ಮತ್ತ? ಯಾವ ಮನೀಯಾಕಿ ಅಂದ್ರೇನು, ಕೇಳಿದ್ದು ನನ್ನನ್ನ ಹೌದಿಲ್ಲೋ.”

ಹೌದೆಂದೆ. ಫಾರ್ಮಿನ ನಾಲ್ಕು ಗೆರೆ ಇನ್ನೂ ಖಾಲಿ ಇವೆ. ನಾಳೆ ಏನಾದರೊಂದು ಬರೆದು ಕಳಿಸಬೇಕು. ಅವತ್ತು ಅವ್ವ ಎಲೆಯನ್ನು ನನ್ನ ಕೈಗೆ ವಾಪಸು ಕೊಟ್ಟು, ಸೆರಗಿಗೆ ಬೆರಳು ಒರೆಸಿಕೊಂಡು ಹೇಳಿದಳು.

“ಆದ್ರ ಒಮ್ಮೆ ಕರ್ಕೊಂಡ ಬರಬೇಕಿತ್ತು ನೀ.”