ತ್ರಿಕೋನಕ್ಕೊಂದು ಕೊಸರು

ದುದ್ದ ಹೋಬಳಿಯ ಒಂದು ಸರ್ಕಾರಿ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದ ಸುನಿತಾ ಟೀಚರಿಗೆ, ಜಗತ್ತಿನ ಅರ್ಧಕ್ಕರ್ಧ ಜನ ಅಯೋಗ್ಯರು ಎಂಬ ನಂಬಿಕೆ. ಉಳಿದರ್ಧವನ್ನು ಅವರಿನ್ನೂ ಭೇಟಿಯಾಗಿರಲಿಲ್ಲ. ಅವರ ಅಪ್ಪ ಸಿದ್ದರಾಮು ಪಾಯ ತೆಗೆಯುವ ಕೂಲಿ. ಅಕ್ಷರ ಬಾರದಿದ್ದರೂ ಮೂರು, ನಾಲ್ಕು, ಐದು ಮೊಳಕ್ಕೆ ಹಗ್ಗ ಎಳೆದು ಮೂಲೆ ಸರಿಮಾಡುತ್ತಿದ್ದರು. ಕೈವಾರ ಹಿಡಿಯಲು ಬಾರದ ಬಿ.ಎಡ್. ಪದವೀಧರರನ್ನು ಕಂಡಾಗಲೆಲ್ಲ ಟೀಚರಿಗೆ ಅಪ್ಪನೇ ವಾಸಿ ಅನ್ನಿಸುತ್ತಿತ್ತು.

ಅಂಥವರ ಏಳನೇ ತರಗತಿಗೆ, ಟ್ಯಾಬಿನಲ್ಲಿ ಪಾಠ ಮಾಡಿಸುವ ಕಂಪನಿಯೊಂದರ ಸ್ವರೂಪ್ ಬಂದ. ಇಸ್ತ್ರಿ ಅಂಗಿ, ಬಾಯಲ್ಲಿ ಸಕ್ಕರೆ. ಮಕ್ಕಳಿಗೆಲ್ಲ ಟ್ಯಾಬು ಹಂಚಿದ. ತೆರೆಯ ಮೇಲೆ ತ್ರಿಕೋನ. ಮೂಲೆಯನ್ನು ಬೆರಳಲ್ಲಿ ಎಳೆದರೆ ಎರಡು ಕೋನ ತೋರಿಸುತ್ತದೆ, ಮೂರನೆಯದನ್ನು ಒತ್ತಿ ಹೇಳಬೇಕು. ಸರಿಯಾದರೆ "ಶಭಾಷ್" ಎಂದು ಚಪ್ಪಾಳೆ. ಮಕ್ಕಳು ತ್ರಿಕೋನದ ಮುಖ ನೋಡಲಿಲ್ಲ. ಚಪ್ಪಾಳೆ ಬರುವ ತನಕ ಸಿಕ್ಕಸಿಕ್ಕ ಅಂಕಿ ಒತ್ತಿದರು.

"ನೋಡಿ ಮೇಡಂ, ಎಷ್ಟು ಇಂಟರೆಸ್ಟಾಗಿದಾರೆ!"

"ಪೀಪಿ ಕೊಟ್ರೂ ಇಂಗೇ ಊದ್ತಾ ಕೂತಿರ್ತವೆ ಕಣಪ್ಪ."

ಇಡೀ ತರಗತಿಯಲ್ಲಿ "ಯಾಕೆ ಮಿಸ್?" ಎಂದು ಕೇಳುವವಳು ಪ್ರಿಯಾಂಕ ಒಬ್ಬಳೇ. ಟೀಚರು ನೆಚ್ಚಿಕೊಂಡಿದ್ದ ಬುದ್ಧಿ ಅದೊಂದೇ. ಅವಳ ತೆರೆಯಲ್ಲಿ ಅರವತ್ತು, ಅರವತ್ತು ಇತ್ತು. ನೂರ ಎಂಬತ್ತರಲ್ಲಿ ಕಳೆದು ಅರವತ್ತು ಒತ್ತಿದಳು. ತಪ್ಪು ಎಂದಿತು. ಮತ್ತೆ ಒತ್ತಿದಳು, ಮತ್ತೆ ತಪ್ಪು. ಪಕ್ಕದವಳು ಹೇಳಿದಳೆಂದು ಅರವತ್ತೊಂದು ಒತ್ತಿದಳು. ಶಭಾಷ್! ಹುಡುಗಿ ಪುಸ್ತಕದಲ್ಲಿ ಬರೆದಿದ್ದ ನೂರ ಎಂಬತ್ತನ್ನು ರಬ್ಬರಿನಿಂದ ಉಜ್ಜತೊಡಗಿದಳು.

ಟೀಚರಿಗೆ ಮೈಯೆಲ್ಲ ಉರಿದುಹೋಯಿತು. "ಏನಪ್ಪ, ನಿಮ್ ಕಂಪ್ನೀಲಿ ತ್ರಿಕೋನಕ್ಕೂ ಒಂದು ಡಿಗ್ರಿ ಕೊಸರು ಕೊಡ್ತೀರಾ?"

"ಒಳಗೆ ಪಾಯಿಂಟ್ ಲೆಕ್ಕ ಸರಿಯಾಗೇ ಇದೆ ಮೇಡಂ. ತೋರಿಸುವಾಗ ಐವತ್ತೊಂಬತ್ತೂವರೆ ಅರವತ್ತಾಗಿ ರೌಂಡ್ ಆಗುತ್ತೆ. ಮಕ್ಕಳಿಗೆ ಅದೆಲ್ಲ ಯಾಕೆ?"

"ಮಕ್ಕಳಿಗಲ್ದೆ ನಿಮ್ ತಾತಂಗಾ?"

ಟೀಚರು ರದ್ದಿ ಕಾಗದದಲ್ಲೊಂದು ತ್ರಿಕೋನ ಕತ್ತರಿಸಿ, ಮೂರೂ ಮೂಲೆ ಹರಿದು, ಪ್ರಿಯಾಂಕಳ ಮುಂದೆ ಒಂದಕ್ಕೊಂದು ಕೂಡಿಸಿಟ್ಟರು. ಅವಳು ಸ್ಕೇಲಿಟ್ಟು ನೋಡಿದಳು. "ನೆಟ್ಟಗದೆ ಮಿಸ್. ನೂರ ಎಂಬತ್ತೇ."

"ಇಂಥ ದರಿದ್ರವ ಯಾವ ಪುಣ್ಯಾತ್ಮ ಪಾಸ್ ಮಾಡ್ದ?" ಎಂದು ಟೀಚರು ಸ್ವರೂಪನ ಕಡೆ ತಿರುಗಿದರು.

ಸ್ವರೂಪ್ ತನ್ನ ಟ್ಯಾಬು ಮುಂದೆ ಹಿಡಿದ. ಅದರಲ್ಲಿ, ಇದೇ ಪಾಠಗಳ ಬಗ್ಗೆ ಹೋದ ವರ್ಷ ಮಂಡ್ಯದ ತರಬೇತಿಯಲ್ಲಿ ಶಿಕ್ಷಕರು ತುಂಬಿಕೊಟ್ಟಿದ್ದ ಗುಣಮಟ್ಟದ ಹಾಳೆ. ಪ್ರಿಯಾಂಕ ಕತ್ತು ಚಾಚಿ ಓದಿದಳು: "ಕೋನಗಳ ಚಟುವಟಿಕೆ, ಅತ್ಯುತ್ತಮ. ಮಿಸ್, ಇದು ನಿಮ್ದೇ ಸೈನು."

ಟೀಚರಿಗೆ ನೆನಪಾಯಿತು. ಬಸ್ಸು ತಪ್ಪುತ್ತದೆಂದು, ಒಂದು ಪಾಠವನ್ನೂ ತೆರೆದು ನೋಡದೆ, ಹತ್ತು ಹಾಳೆಗೂ ಅತ್ಯುತ್ತಮ ಎಂದು ಜಡಿದು ಓಡಿದ್ದರು.

"ನೋಡಿ ಆಕಿದ್ರಾ ಮಿಸ್?"

ಸ್ವರೂಪನಿಗೆಂದು ನಾಲಿಗೆ ತುದಿಗೆ ಬಂದಿದ್ದ ಬೈಗುಳಗಳೆಲ್ಲ ಈಗ ತಮಗೇ ಸರಿಯಾಗಿ ಹೊಂದುತ್ತಿದ್ದವು. ಅಸಹ್ಯವಾಯಿತು.

"ನೋಡ್ದೆ ಆಕ್ದೆ ಕಣವ್ವ. ನೀನು ಅಳಿಸಿದ್ದ ಮತ್ತೆ ಬರಿ."

ಪ್ರಿಯಾಂಕ ಬರೆಯಲಿಲ್ಲ. ಟ್ಯಾಬನ್ನು ನೋಡಿದಳು, ಟೀಚರನ್ನು ನೋಡಿದಳು. ಆಮೇಲೆ ತನ್ನ ಪುಸ್ತಕದಿಂದಲೇ ಒಂದು ಹಾಳೆ ಹರಿದು, ಯಾರನ್ನೂ ಕೇಳದೆ, ಬೇರೊಂದು ತ್ರಿಕೋನ ಕತ್ತರಿಸತೊಡಗಿದಳು.